ಸಮಾಧಾನ ಮಾಡುವುದು

"ಈಗ ಎಷ್ಟೋ ವಾಸಿ. ವಾರಕ್ಕೊಂದ್ಸಲ ಸಮಾಧಾನ ಮಾಡಿದ್ರೆ ಸಾಕು," ಎಂದು ವಸತಿ ಶಾಲೆಯ ಮೇಲ್ವಿಚಾರಕಿ ಗೇಟಿನ ಬಳಿಯೇ ಹೇಳಿ, ಅವನ ಮಗಳನ್ನು ಅವನ ಕಡೆ ಮೆಲ್ಲಗೆ ನೂಕಿದಳು. ಒಂದು ದಿನದ ರಜೆ. ನಾಳೆ ಬೆಳಿಗ್ಗೆ ವಾಪಸು ಕರೆತಂದು ಬಿಡಬೇಕು.

ಸಮಾಧಾನ ಮಾಡುವುದೆಂದರೆ ಹೇಗೆ ಎಂದು ಅವನು ಕೇಳಬಹುದಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಅರ್ಥ ತಿಳಿಯದೆ ಪದ ಬಳಸಿದವರನ್ನು ಎದ್ದು ನಿಲ್ಲಿಸಿ ನೀರಿಳಿಸುವವನು. ಕೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಭಯ.

ಕಾರಿನಲ್ಲಿ ಹದಿಮೂರರ ಮಗಳು ಮಡಿಲಲ್ಲಿ ಕೈಯಿಟ್ಟು ನೆಟ್ಟಗೆ ಕೂತಿದ್ದಳು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ, ತಾಯಿಯ ತೋಳನ್ನು ರಕ್ತ ಬರುವಂತೆ ಕಚ್ಚಿದ್ದ ಹುಡುಗಿ ಇವಳೇನಾ? ಮನಸ್ಸು ತಿದ್ದುವ ವಸತಿ ಶಾಲೆ ಸರಿ, ಆದರೆ ಆರೇ ತಿಂಗಳಲ್ಲಿ ಇಷ್ಟು ಸಾಧುವಾಗುವುದುಂಟೆ? ಈ ಸೆಖೆಯಲ್ಲೂ ತುಂಬುತೋಳಿನ ಅಂಗಿ ಯಾಕೆ?

"ಅಲ್ಲಿ ಯಾರಾದ್ರೂ ಹೊಡೀತಾರಾ ಪುಟ್ಟಿ?"

"ಇಲ್ಲಪ್ಪ. ಹೊಡೆಯೋದು ತಪ್ಪು."

"ಮತ್ತೆ?"

"ಮತ್ತೇನಿಲ್ಲ."

ಬಾಯಿಪಾಠ ಒಪ್ಪಿಸಿದಂತಿತ್ತು. ಅವನು ರೇಡಿಯೋ ಹಾಕಿದ.

ಮನೆಯಲ್ಲಿ ಊಟಕ್ಕೆ ಮುಂಚೆ ಮಗಳು ಕೈ ತೊಳೆಯುವಾಗ ಹೆಂಡತಿ ಅವಳ ಅಂಗಿಯ ತೋಳು ಮೇಲೆ ಸರಿಸಿದಳು. ಎರಡೂ ಮಣಿಕಟ್ಟಿನ ಸುತ್ತ ಕಂದುಗಟ್ಟಿದ ಗುರುತು.

"ಇದೇನ್ರೀ ಇದು?"

"ಆಡುವಾಗ ಬಿದ್ದಿರ್ತಾಳೆ."

"ಬಿದ್ರೆ ಎರಡೂ ಕೈಗೆ ಬಳೆ ತೊಡಿಸಿದ ಹಾಗೆ ಆಗುತ್ತಾ? ನೀವು ಓದಿದೋರು, ನೀವೇ ಹೇಳಿ."

ಅನುಮಾನ ಈಗ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನಾಳೆ ಇವಳನ್ನ ಕಳಿಸಲ್ಲ," ಎಂದಳು ಹೆಂಡತಿ.

"ಕಳಿಸದೆ? ಮತ್ತೆ ಮೊದಲಿನ ಥರಾನಾ?"

"ನಿಮಗೆ ಮನೆ ಸದ್ದಿಲ್ದೆ ಇದ್ರೆ ಸಾಕು ಅಲ್ವಾ? ಒಳಗೆ ಯಾರು ಸತ್ತರೇನು!"

ಅವನಿಗೆ ನಾಚಿಕೆಯಾಯಿತು, ಅದು ನಿಜವಾದದ್ದರಿಂದ. ಈ ಆರು ತಿಂಗಳು ಅವನು ಚೆನ್ನಾಗಿ ನಿದ್ದೆ ಮಾಡಿದ್ದ. ಹೆಂಡತಿ ಅಡುಗೆಮನೆಗೆ ಹೋಗಿ ಜೋರಾಗಿ ಅಳತೊಡಗಿದಳು. ಅಳುವವರ ಎದುರು ನಿಲ್ಲುವುದು ಅವನಿಗೆ ಎಂದೂ ಬಾರದ ವಿದ್ಯೆ.

"ಹೋಗಮ್ಮ," ಎಂದ ಮಗಳಿಗೆ, "ಅಮ್ಮನ್ನ ಸ್ವಲ್ಪ ಸಮಾಧಾನ ಮಾಡು."

ಮಗಳ ಮುಖ ಆ ದಿನ ಮೊದಲ ಬಾರಿಗೆ ಅರಳಿತು. ತನಗೆ ಗೊತ್ತಿರುವ ಕೆಲಸ. ಅವಳು ಹಿಂದಿನಿಂದ ಹೋಗಿ ತಾಯಿಯ ಎರಡೂ ಮಣಿಕಟ್ಟು ಹಿಡಿದು ಬೆನ್ನಿಗೆ ಮಡಿಚಿದಳು, ಕಾಲು ಅಡ್ಡಗೊಟ್ಟು ಬೋರಲಾಗಿ ಕೆಡವಿದಳು, ಹೆಗಲುಗಳ ನಡುವೆ ಮೊಣಕಾಲೂರಿದಳು. ಅದರಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲ.

"ಆಯ್ತು, ಆಯ್ತು, ಆಯ್ತು," ಎಂದಳು, ಮಗುವನ್ನು ಮಲಗಿಸುವ ದನಿಯಲ್ಲಿ.

"ಬಿಡೇ... ಉಸಿರು..."

ಅಳು ನಿಂತಿತು. ಅವನು ಬಾಗಿಲಲ್ಲೇ ಇದ್ದ. ಮಗಳು ತಲೆಯೆತ್ತಿ ನೋಡಿದಳು.

"ನೋಡ್ತಾ ನಿಂತ್ರೆ ಹೇಗಪ್ಪಾ? ಕಾಲು ಹಿಡ್ಕೋ. ಇದಕ್ಕೆ ಇಬ್ಬರು ಬೇಕು."

ಹೆಂಡತಿಯ ಪಾದಗಳು ನೆಲಕ್ಕೆ ಬಡಿಯುತ್ತಿದ್ದವು. ಅವನು ಓಡಿಬಂದು ಬಗ್ಗಿದ. ಬಿಡಿಸಲೆಂದೋ ಹಿಡಿಯಲೆಂದೋ, ಅವನ ಎರಡೂ ಕೈಗಳು ಮುಂದೆ ಚಾಚಿದ್ದವು.