ಮೀಸೆ ಮಾವನ ಬೆನ್ನು

ತಪ್ಪು ನನ್ನದೇ, ಬೇರೆ ಯಾರನ್ನೂ ದೂರುವುದಿಲ್ಲ. ಹದಿನೆಂಟು ವರ್ಷ ಮೃಗಾಲಯದ ಜಿಂಕೆಗಳನ್ನು ನೋಡಿಕೊಂಡವಳು ನಾನು. ಮರಿ ಹಾಕಿದ ಜಿಂಕೆಯ ಸುತ್ತ ಗದ್ದಲ ಇರಬಾರದು, ಅದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೋದ ತಿಂಗಳು ನನ್ನನ್ನು ಬಿಳಿ ಮೀಸೆಯ ಪುಟ್ಟ ಕೋತಿಗಳ ಕಡೆ ಹಾಕಿದರು. ಒಂದೊಂದೂ ಅಳಿಲಿಗಿಂತ ಒಂಚೂರು ದೊಡ್ಡದು, ಅಷ್ಟೇ.

ನಾನು ಬಂದ ವಾರವೇ ಆ ಗುಂಪಿನ ತಾಯಿ ಕೋತಿ ಮಹಾರಾಣಿ ಅವಳಿ ಹೆತ್ತಳು. ಹಾಲು ಕುಡಿಸುವುದಷ್ಟೇ ಅವಳ ಕೆಲಸ. ಆಮೇಲೆ ಎರಡೂ ಮರಿ ಅಪ್ಪನ ಬೆನ್ನಿಗೆ. ಆ ಅಪ್ಪನಿಗೆ ನಾನಿಟ್ಟ ಹೆಸರು ಮೀಸೆ ಮಾವ. ಹಿಂದಿನ ಹೆರಿಗೆಯ ಮಗಳು ಚೂಟಿ ಮಾತ್ರ ಸುಮ್ಮನಿರದೆ ಮರಿಗಳನ್ನು ಎಳೆದಾಡುತ್ತಿದ್ದಳು. "ಏ, ಕೈ ತೆಗಿಯೇ! ಬೀಳಿಸ್ತೀಯಾ!" ಎಂದು ಗದರಿ, ಅವಳನ್ನು ಪಕ್ಕದ ಪಂಜರಕ್ಕೆ ಹಾಕಿ ಬಾಗಿಲು ಜಡಿದೆ. ಬಾಣಂತಿಗೆ ನೆಮ್ಮದಿಯಾಯಿತು ಎಂದು ಬೀಗಿದೆ ಕೂಡ.

ಐದನೆಯ ದಿನ ಮೀಸೆ ಮಾವ ತಟ್ಟೆಯ ಹತ್ತಿರವೂ ಬರಲಿಲ್ಲ. ಮೂಳೆ ಎದ್ದು ಕಾಣುತ್ತಿತ್ತು. ಕೊಂಬೆ ಹಾರುವಾಗ ಅವನ ಕೈ ಜಾರಿ, ಒಂದು ಮರಿ ಬಾಲಕ್ಕೆ ಜೋತುಬಿತ್ತು. ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದೆ.

"ಅಲ್ಲ ಅಕ್ಕಾ, ಚೂಟೀನ ಯಾಕೆ ಬೇರೆ ಹಾಕಿದ್ರಿ? ಇವುಗಳಲ್ಲಿ ಅಣ್ಣ ಅಕ್ಕಂದಿರೂ ಸೇರಿ ಹೊತ್ರೇನೇ ಮರಿ ಉಳಿಯೋದು. ಅವನೊಬ್ಬನ ಕೈಲಿ ಆಗಲ್ಲ."

"ಅವಳಿಗೆ ಎತ್ಕೊಳ್ಳೋಕೇ ಬರಲ್ವಲ್ಲಮ್ಮಾ!"

"ಎತ್ಕೊಂಡ್ರೆ ತಾನೇ ಬರೋದು? ಈಗಲೇ ಬಿಡಿ. ಐದು ದಿನ ಆಗಿದೆ, ನಮ್ಮವಳೇ ಅಂತ ಸೇರಿಸ್ಕೊಂಡ್ರೆ ಪುಣ್ಯ. ಇಲ್ದಿದ್ರೆ ಕಚ್ಚಿ ಓಡಿಸ್ತವೆ."

ಪಕ್ಕದ ಪಂಜರದ ಬಾಗಿಲು ತೆಗೆದೆ. ಚೂಟಿ ಅಳುಕುತ್ತ ಬಂದಳು. ಮಹಾರಾಣಿ ಹಲ್ಲು ತೋರಿಸಿ ಗುರುಗುಟ್ಟಿದಳು. ಮೀಸೆ ಮಾವ ಮಾತ್ರ ಸೀದಾ ಹೋಗಿ ಮಗಳಿಗೆ ಮೈ ಒತ್ತಿ ಕೂತ. ಒಂದು ಮರಿ ತಡವರಿಸುತ್ತ ಅಕ್ಕನ ಬೆನ್ನಿಗೆ ದಾಟಿತು. ಅಯ್ಯೋ, ತಲೆಕೆಳಗಾಗಿ! ಕೀ ಕೀ ಎಂದು ಅರಚತೊಡಗಿತು.

ಅಷ್ಟರಲ್ಲಿ ತಟ್ಟೆಗೆ ಬಂದು ದ್ರಾಕ್ಷಿ ಕಚ್ಚಿದ್ದ ಮೀಸೆ ಮಾವ ಅದನ್ನು ಬಿಟ್ಟು ಓಡಿದ. ಮುಗಿಯಿತು, ಈಗ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವನು ಕಿತ್ತುಕೊಳ್ಳಲಿಲ್ಲ. ಮಗಳ ಪಕ್ಕ ಕೂತ. ಮರಿ ಒದ್ದಾಡಿ, ಹೊರಳಿ, ನೆಟ್ಟಗಾಗಿ ಅಕ್ಕನ ಕುತ್ತಿಗೆ ತಬ್ಬಿ ಸುಮ್ಮನಾಗುವವರೆಗೂ ಕೂತೇ ಇದ್ದ. ಆಮೇಲೆ ಮರಿಯನ್ನು ಅವಳ ಹತ್ತಿರವೇ ಬಿಟ್ಟು ತಟ್ಟೆಗೆ ವಾಪಸು ಬಂದ.

ನನಗೆ ಅಳು ತಡೆಯಲಾಗಲಿಲ್ಲ. "ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು," ಎಂದೆ.

ಎರಡೂ ಕೈಯಲ್ಲಿ ತಿಂದ.