ಆ ಹೆಸರು ಬರೀಬೇಡ

ತೀರಿಕೊಂಡ ಅಪ್ಪನ ಗದ್ದಕ್ಕೆ ಬಟ್ಟೆ ಸುತ್ತಿ ಮಗಳು ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದಾಗ ಗೇಟಿನಾಚೆ ನಿಂತು ಯಾರೋ ಕೂಗಿದರು. ಅಂಗಳದಲ್ಲಿದ್ದವರು ತಿರುಗಿ ನೋಡಿದರು. ಬಂದವಳು ಅತ್ತೆ, ಅಪ್ಪನ ಸ್ವಂತ ಅಕ್ಕ. ಎರಡೇ ಮನೆ ಆಚೆಗಿದ್ದೂ ಮೂವತ್ತು ವರ್ಷದಿಂದ ತಮ್ಮನ ಜೊತೆ ಮಾತು ಬಿಟ್ಟವಳು.

"ಒಳಗೆ ಬನ್ನಿ ಅತ್ತೆ."

"ಹಸು ಬೆಳಗ್ಗೆಯಿಂದ ಜೊಲ್ಲು ಸುರಿಸ್ತಿದೆ ಕಣೇ. ಮೇವು ಮುಟ್ಟಿಲ್ಲ." ಅವಳು ಗೇಟು ಹಿಡಿದೇ ಕೇಳಿದಳು. "ಅದೇನಾ?"

ಅದೆಂದರೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹೆಗಲು ಕೊಡಲು ಬಂದಿದ್ದ ಡೈರಿಯವನು ಎದ್ದು ನಿಂತ. "ನಮ್ಮ ಕೊಟ್ಟಿಗೇಲಿ ಹನ್ನೊಂದಿವೆಯಲ್ಲಪ್ಪಾ! ಸೂಜಿಯಣ್ಣ ಇದ್ದಿದ್ರೆ ಬಾಯಿ ನೋಡಿದ ಕೂಡ್ಲೇ ಹೇಳಿಬಿಡ್ತಿದ್ರು."

* * *

ಸೂಜಿಯಣ್ಣನೆಂದರೆ ಅಪ್ಪ. ಸೈಕಲ್ಲಿಗೆ ಐಸ್ ಡಬ್ಬಿ ಕಟ್ಟಿಕೊಂಡು ದನಗಳಿಗೆ ಲಸಿಕೆ ಚುಚ್ಚುವುದು ಅವನ ಕೆಲಸ. ಅವನ ಬೆಲ್ಲು ಕೇಳಿದರೆ ದನಗಳು ಬಾಲವೆತ್ತಿ ಓಡುತ್ತಿದ್ದವು. ಮೂವತ್ತು ವರ್ಷದ ಹಿಂದೆ ಅಕ್ಕನ ಹಸುವಿನ ಬಾಯಿ ತೆರೆದು ನೋಡಿದವನೇ ವರದಿ ಪುಸ್ತಕ ತೆಗೆದ. ಒಸಡಿನ ತುಂಬ ತೌಡು ಮೆತ್ತಿದಂಥ ಹುಣ್ಣು.

"ಅಜೀರ್ಣ ಅಂತ ಬರಿ. ಕೈ ಮುಗೀತೀನಿ, ಆ ಹೆಸರು ಬರೀಬೇಡ. ಆಮೇಲೆ ನಮ್ಮನೆ ಹಾಲು ಯಾರೂ ಕೊಳ್ಳಲ್ಲ."

"ಅಕ್ಕಾ, ಈ ಬೀದೀಲಿ ಅರವತ್ತು ದನ ಇವೆ."

'ದೊಡ್ಡ ರೋಗ' ಎಂದೇ ಬರೆದ. ರೋಗ ಹರಡದಂತೆ, ದನಗಳು ಓಡಾಡದ ಹಾಗೆ ಬೀದಿಗೆ ಅಡ್ಡ ಹಗ್ಗ ಬಿತ್ತು. ಅಕ್ಕನ ನಾಲ್ಕು ಹಸುಗಳೂ ವಾರದೊಳಗೆ ಸತ್ತವು. ಉಳಿದವರ ಕೊಟ್ಟಿಗೆಗಳು ಉಳಿದವು. ಆಮೇಲೆ ಅವಳ ಮನೆಯ ಮುಂದೆ ಬಂದಾಗಲೆಲ್ಲ ಅಪ್ಪ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದ, ಕರೆದಾಳೇನೋ ಎಂದು.

* * *

"ಆ ರೋಗ ಈಗ ಪ್ರಪಂಚದಲ್ಲೇ ಇಲ್ಲ ಅತ್ತೆ," ಎಂದಳು ಮಗಳು. ಅವಳು ದನದ ಡಾಕ್ಟರು.

"ಪೇಪರಿನವರೂ ಹಾಗೇ ಹೇಳ್ತಾರೆ. ಅವನು ಹೇಳಿದ್ರೆ ನಂಬ್ತಿದ್ದೆ."

ಮಗಳು ಅತ್ತೆಯ ಕೊಟ್ಟಿಗೆಗೆ ನಡೆದಳು. ಹೆಗಲು ಕೊಡಬೇಕಾದವರೂ ಹಿಂದೆಯೇ ಬಂದು ಬೇಲಿಯಾಚೆ ನಿಂತರು. ಅತ್ತೆ ಹಸುವಿನ ಮೂತಿ ಎತ್ತಿ ಹಿಡಿದಳು. ಮಗಳು ನಾಲಿಗೆಯನ್ನು ಪಕ್ಕಕ್ಕೆಳೆದು ಒಸಡಿನುದ್ದಕ್ಕೂ ಬೆರಳಾಡಿಸಿದಳು. ನುಣುಪಾಗಿತ್ತು. ಇನ್ನೂ ಒಳಗೆ ಹೋದಾಗ ನಾಲಿಗೆಯ ಬುಡದಲ್ಲಿ ಏನೋ ಚುಚ್ಚಿತು. ಎಳೆದಳು. ಬೆರಳುದ್ದದ ಮುಳ್ಳು.

"ಅದಲ್ಲ ಅತ್ತೆ."

ಬೇಲಿಯಾಚೆ ಡೈರಿಯವನು ಉಸಿರುಬಿಟ್ಟ. ಅತ್ತೆ ಮುಳ್ಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಎಸೆದು, "ನಡಿ. ಅವನನ್ನ ಇನ್ನೂ ಕಾಯಿಸಬಾರದು," ಎಂದಳು.

ಮಾತು ಬಿಟ್ಟ ಮೇಲೆ ತಮ್ಮ ಕಟ್ಟಿಸಿದ ಮನೆಯ ನಡುಕೋಣೆಯಲ್ಲಿ, ಜೊಲ್ಲು ಅಂಟಿದ ಎರಡೂ ಕೈಗಳನ್ನು ಬಟ್ಟೆಗೆ ತಾಗದಂತೆ ದೂರ ಹಿಡಿದುಕೊಂಡು ಅವಳು ನಿಂತಳು. ಎಡಗಡೆಯ ಬಾಗಿಲು ನೋಡಿದಳು. ಬಲಗಡೆಯದನ್ನೂ ನೋಡಿದಳು.

"ಕೈ ತೊಳೀಬೇಕಿತ್ತು," ಎಂದಳು ಮೆಲ್ಲಗೆ. "ಈ ಮನೇಲಿ ಬಚ್ಚಲು ಯಾವ ಕಡೆ?"