ಮೊದಲ ಬಟ್ಟಲು

“ಆ ಥರ್ಮಾಸಿಗೆ ಕೈ ಹಚ್ಚಬ್ಯಾಡ್ರಿ! ನನ್ನ ಮಗಳಿಗೆ ನಾನೇ ಕುಡಸ್ತೀನಿ.”

ವಾಹಿದಾಳ ಮಾತಿಗೆ ಬೀಗಿತ್ತಿ ಗುಲ್ಶನ್ ಬೇಗಂ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ರಾಯಚೂರಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ತಹಮೀನಾ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಒಬ್ಬಳು ಹೆತ್ತವಳು, ಇನ್ನೊಬ್ಬಳು ಅತ್ತೆ. ಬಾಯಿ ಬಿಟ್ಟರೆ ಯಾರಾದರೂ ಒಬ್ಬರು ಮುನಿಸಿಕೊಳ್ಳುವುದು ಖಾತ್ರಿ.

ಗುಲ್ಶನ್ ಬೇಗಂ ಮನೆಯವರು ದೇವದುರ್ಗದಲ್ಲಿ ಮದುವೆಗಳಿಗೆ ಅಡುಗೆ ಮಾಡಿಕೊಡುವವರು. ಮಟನ್ ಸಾರಿನ ಡೇಗು, ಆ ದೊಡ್ಡ ಹಂಡೆ, ಒಲೆಯಿಂದ ಇಳಿದರೆ ಮೊದಲ ಬಟ್ಟಲು ಮನೆಯ ಸೊಸೆಗೆ, ಅದೂ ಮೇಲೆ ತೇಲುವ ಕೆಂಪು ಎಣ್ಣೆಯ ಸಮೇತ. ಆಕೆ ಉಪ್ಪು ನೋಡಿ ಹೂಂ ಎನ್ನದೆ ಡೇಗು ಹೊಸ್ತಿಲು ದಾಟುವುದಿಲ್ಲ. ತಹಮೀನಾ ಹೂಂ ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಲಪಕ್ಕೆ ಹಿಡಿದುಕೊಂಡು ಮುದುಡಿ ಬೀಳುತ್ತಿದ್ದಳು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲಿಲ್ಲ.

“ಕಲ್ಲಿಲ್ಲಂದ್ರ ನೋವೆಲ್ಲಿಂದ ಬಂತು? ಕೆಲಸ ಇದ್ದ ದಿನಾನ ಬರ್ತದ. ಎಲ್ಲಾ ನಾಟಕ!” ಎಂದಿದ್ದಳು ಅತ್ತೆ.

“ತವರುಮನಿ ಮಾನ್ವ್ಯಾಗ ರೊಟ್ಟಿ ಪಲ್ಯ ತಿಂದು ಆರಾಮ ಇರ್ತಾಳ. ನಿಮ್ಮ ಬಟ್ಟಲದಾಗ ಏನ್ ಹಾಕ್ತೀರಿ?” ಎಂದಿದ್ದಳು ತಾಯಿ. ಇವತ್ತು ಮಗಳನ್ನು ಮಾನ್ವಿಗೆ ಕರೆದೊಯ್ದರೆ ಮತ್ತೆ ಕಳಿಸುವುದಿಲ್ಲ ಎಂದೂ ಹೇಳಿಬಿಟ್ಟಿದ್ದಳು. ಗಂಡ ಮುಕರ್ರಂನನ್ನು ಬಿಟ್ಟಿರುವುದು ತಹಮೀನಾಗೆ ಬೇಡವಾಗಿತ್ತು. ಆದರೂ ಈಚೆಗೆ ಅತ್ತೆ ಸೌಟು ಎತ್ತಿದಾಗಲೆಲ್ಲ, ಅಮ್ಮಿ ಹೇಳುವುದು ಖರೆಯಿದ್ದರೆ ಎಂದು ಆಕೆಯ ಎದೆ ಧಸಕ್ಕೆನ್ನುತ್ತಿತ್ತು.

ಬರಿಹೊಟ್ಟೆಯ ಸ್ಕ್ಯಾನ್ ಬೆಳಿಗ್ಗೆಯೇ ಮುಗಿದಿತ್ತು. ಇನ್ನು ಜಿಡ್ಡು ತಿನ್ನಿಸಿ ನೋಡಬೇಕು, ಗಟ್ಟಿ ಕೆನೆಹಾಲು ತನ್ನಿ ಎಂದು ಮೊದಲೇ ಹೇಳಿದ್ದರು ಡಾಕ್ಟರ್ ನಾಗವೇಣಿ. ಹಾಲು ವಾಹಿದಾಳ ಮನೆಯ ಎಮ್ಮೆಯದು, ಕಾಸಿದವಳೂ ಅವಳೇ, ಕುಡಿಸಿದವಳೂ ಅವಳೇ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಹಮೀನಾ ತುಟಿ ಕಚ್ಚಿದಳು. “ಅಮ್ಮೀ...” ಎಂದು ಪಕ್ಕೆ ಹಿಡಿದುಕೊಂಡು ಮುದುಡಿದಳು. ವಾಹಿದಾ ತನ್ನ ಕೈಯಲ್ಲಿದ್ದ ಗ್ಲಾಸನ್ನೇ ನೋಡುತ್ತ ನಿಂತಳು.

ನಾಗವೇಣಿ ಮತ್ತೆ ಸ್ಕ್ಯಾನ್ ಮಾಡಿ, ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. “ಇದು ಪಿತ್ತದ ಚೀಲ. ಜಿಡ್ಡು ಹೊಟ್ಟಿಗೆ ಬಿದ್ದ ಮ್ಯಾಲ ಇದು ಹಿಂಡಿಕೊಂಡು ಸಣ್ಣಾಗಬೇಕು. ನೋಡ್ರಿ, ಮುಂಜಾನಿ ಎಷ್ಟಿತ್ತೋ ಈಗೂ ಅಷ್ಟ ಅದ. ಕಲ್ಲಿಲ್ಲಂದ್ರೂ ನೋವು ಖರೇನ.”

“ಆ ಚೀಲ ತಗಸಬೇಕೇನ್ರಿ?” ಗುಲ್ಶನ್ ಬೇಗಂ ಕೇಳಿದಳು.

“ಅವಸರ ಬ್ಯಾಡ. ಹೈದರಾಬಾದಿನ್ಯಾಗ ಇನ್ನೊಂದು ಸ್ಕ್ಯಾನ್ ಆಗಲಿ. ತಗದ್ರ ಬಾಳ ಮಂದಿಗೆ ಆರಾಮಾಗ್ತದ, ಎಲ್ಲಾರಿಗೂ ಅಲ್ಲ. ಅಲ್ಲಿತನಕ ಜಿಡ್ಡು ಕೊಡಬ್ಯಾಡ್ರಿ.”

“ಯಾ ಅಲ್ಲಾ, ನಾನೇ ತುಂಬಿ ತುಂಬಿ ಕೊಟ್ಟೆನಲ್ಲ!” ಗುಲ್ಶನ್ ಬೇಗಂ ಅಲ್ಲೇ ಅತ್ತುಬಿಟ್ಟಳು. ವಾಹಿದಾ ಥರ್ಮಾಸಿನ ಮುಚ್ಚಳ ತಿರುಗಿಸಿ ಹಾಕಿದಳು. ಸಂಜೆ ಮಾನ್ವಿಯ ಬಸ್ಸನ್ನು ಒಬ್ಬಳೇ ಹತ್ತಿದಳು.

ಮುಂದಿನ ಮದುವೆಯ ದಿನ ಡೇಗು ಇಳಿಯಿತು. ಗುಲ್ಶನ್ ಬೇಗಂ ಮೇಲಿನ ಎಣ್ಣೆಯನ್ನೆಲ್ಲ ಸೌಟಿನಿಂದ ಸರಿಸಿ, ತಳದ ತಿಳಿಸಾರನ್ನು ಬಟ್ಟಲಿಗೆ ಹಾಕಿ, ಎಣ್ಣೆಯ ಹನಿ ಕಂಡಲ್ಲೆಲ್ಲ ರೊಟ್ಟಿಯ ತುಂಡು ಅದ್ದಿ ತೆಗೆದಳು. ಸೊಸೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಆಕೆಯ ಮುಖ ನೋಡುತ್ತ ಮೊದಲು ತಾನೊಂದು ಗುಟುಕು ಕುಡಿದಳು, ಆಮೇಲೆ ಕೊಟ್ಟಳು.

ತಹಮೀನಾಗೆ ಕಣ್ಣೆತ್ತಲಾಗಲಿಲ್ಲ. ಬಟ್ಟಲನ್ನು ಮೆಲ್ಲಗೆ ತಿರುಗಿಸಿ, ಅತ್ತೆಯ ತುಟಿ ಸೋಕಿದ ಅಂಚಿಗೇ ಬಾಯಿ ಹಚ್ಚಿದಳು.